ಕ್ವಾರಿ ರಸ್ತೆಗೆ ನಾನು ತೋಡಿಸಿದ ತೊಟ್ಟಿಲು ಗುಂಡಿಗಳು

ಗುಂಡಿ ತೋಡಿಸುವುದರಲ್ಲಿ ನನ್ನನ್ನು ಮೀರಿಸುವವರು ಗೋಣಿಬೀಡಿನ ಸುತ್ತಮುತ್ತ ಯಾರೂ ಇಲ್ಲ ಅಂತ ಮೂವತ್ತು ವರ್ಷ ನಂಬಿಕೊಂಡಿದ್ದವನು ನಾನು. ನಗಬೇಡಿ. ಕಾಫಿ ತೋಟದ ರೈಟರಿಗೆ ಅದು ಸಣ್ಣ ಹೆಮ್ಮೆಯಲ್ಲ. ಹಾಜರಿ ಬರೆಯುವುದು, ಆಳುಗಳಿಗೆ ಕೆಲಸ ಹಂಚುವುದು ಯಾವ ರೈಟರಾದರೂ ಮಾಡಿಯಾನು. ಇಳಿಜಾರು ತೋಟದಲ್ಲಿ ತೊಟ್ಟಿಲು ಗುಂಡಿ ತೋಡಿಸಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದು ಕೂರಿಸುವುದಕ್ಕೆ ಮಾತ್ರ ಕಣ್ಣು ಬೇಕು. ತೊಟ್ಟಿಲು ಗುಂಡಿ ಅಂದರೆ ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೋಡುವ ಉದ್ದನೆಯ ಗುಂಡಿ. ಎರಡೂ ತುದಿ ಮುಚ್ಚಿರುತ್ತದೆ, ನೋಡುವುದಕ್ಕೆ ತೊಟ್ಟಿಲಿನ ಹಾಗೇ. ಮಳೆನೀರು ತರಗೆಲೆ, ಮೇಲ್ಮಣ್ಣು ಹೊತ್ತುಕೊಂಡು ಬಂದು ಅದರೊಳಗೆ ಬಿದ್ದು ನಿಧಾನಕ್ಕೆ ಇಂಗುತ್ತದೆ, ಬೇಸಿಗೆಯಲ್ಲಿ ಗಿಡದ ಬುಡ ತಣ್ಣಗಿರುತ್ತದೆ. ನನ್ನ ಹತ್ತಿರ ಕಾಫಿ ಗಿಡದ ಒಂದು ನೆಟ್ಟನೆಯ ಕೋಲಿತ್ತು. ಅಗಲಕ್ಕೊಂದು ಗೀರು, ಆಳಕ್ಕೊಂದು ಗೀರು ಹಾಕಿಟ್ಟಿದ್ದೆ. ಎರಡು ಬೆರಳು ಕಮ್ಮಿಯಿದ್ದರೂ ಮತ್ತೆ ತೋಡಿಸುತ್ತಿದ್ದೆ. ಬೆನ್ನ ಹಿಂದೆ ಆಳುಗಳು ನನ್ನನ್ನು ಗುಂಡಿ ರೈಟರು ಅನ್ನುತ್ತಿದ್ದರು. ಗೊತ್ತಿತ್ತು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

ರಿಟೈರಾಗಿ ಎರಡು ವರ್ಷ ಕಳೆದ ಮೇಲೆ ಒಂದು ದಿನ ಸಾವ್ಕಾರ್ರು ಜೀಪು ಕಳಿಸಿ ಕರೆಸಿದರು. ನಾನು ದುಡಿದ ತೋಟದ ಯಜಮಾನರು ಅವರು. ಅವರ ಅಪ್ಪನ ಕಾಲದಿಂದ ನಾನು ಅಲ್ಲಿದ್ದವನು. ತೋಟದ ಮೇಲ್ತುದಿಯಲ್ಲಿ ಒಂದು ಬೋಳು ಬಂಡೆಗುಡ್ಡ ಇದೆ. ಅಲ್ಲಿ ಕಾಫಿಯೂ ಬಾರದು, ಮೆಣಸೂ ಹಬ್ಬದು. ಅಲ್ಲಿ ಕಲ್ಲು ತೆಗೆಯುವುದಕ್ಕೆ ಅವರಿಗೆ ಪರ್ಮಿಷನ್ ಸಿಕ್ಕಿತ್ತು. ಕ್ವಾರಿಗೆ ಲಾರಿ ಹತ್ತಬೇಕಾದರೆ ಗುಡ್ಡದ ಮೈ ಕಡಿದು ಹೊಸ ರಸ್ತೆ ಮಾಡಬೇಕು. ಪರ್ಮಿಷನ್ ಜೊತೆಗೆ ಬಂದ ಷರತ್ತುಗಳ ಫೈಲು ನೋಡಿದರೆ ಕಲ್ಲಿಗಿಂತ ರಸ್ತೆಯ ಮಾತೇ ಜಾಸ್ತಿ. ಕಡಿದ ಮಣ್ಣನ್ನು ಇಳಿಜಾರಿಗೆ ತಳ್ಳಬಾರದು. ರಸ್ತೆಯ ಕೆಸರು ನೀರು ಹಳ್ಳ ಸೇರಬಾರದು. ಧೂಳೇಳದ ಹಾಗೆ ನೀರು ಚಿಮುಕಿಸಬೇಕು, ಲಾರಿಗೆ ಟಾರ್ಪಾಲು ಹೊದಿಸಬೇಕು, ಅಂಚಿಗೆ ಗಿಡ ನೆಡಬೇಕು. ಮಳೆಗಾಲಕ್ಕೆ ಮುಂಚೆ ನೀರಿನ ವ್ಯವಸ್ಥೆಯೆಲ್ಲ ಮುಗಿದಿರಬೇಕು. ಸಾವ್ಕಾರ್ರು ಫೈಲನ್ನು ನನ್ನ ಮುಂದೆ ಸರಿಸಿ, ಮಣ್ಣಿನ ಕೆಲಸ ನಿಮಗಿಂತ ಗೊತ್ತಿರುವವರು ಯಾರಿದ್ದಾರೆ ರೈಟ್ರೇ, ನೀವೇ ನಿಂತು ಮಾಡಿಸಿಕೊಡಿ ಅಂದರು. ನಾನು ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, ದಿನವಿಡೀ ಮನೆಯಲ್ಲಿ ಕೂತು ನನ್ನ ತಲೆ ತಿನ್ನುವುದಕ್ಕಿಂತ ರಸ್ತೆ ಮಾಡುವುದು ವಾಸಿ, ಹೋಗಿ ಬನ್ನಿ ಅಂದಳು.

ರಸ್ತೆ ಹೋಗಬೇಕಾದ ದಾರಿಯಲ್ಲಿ ಒಂದೇ ಒಂದು ತೊಡಕಿತ್ತು. ಗುಡ್ಡದ ನಡುಮೈಯಲ್ಲಿ ರಸ್ತೆ ಒಂದು ಸುತ್ತು ತಿರುಗುತ್ತದೆ. ಆ ತಿರುವಿನ ನೇರ ಕೆಳಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಒಂದು ಒರತೆ ಇದೆ. ಬಂಡೆಯ ಸಂದಿನಿಂದ ವರ್ಷವಿಡೀ ಮಣಿಕಟ್ಟಿನ ದಪ್ಪಕ್ಕೆ ನೀರು ಬರುತ್ತದೆ. ಅದರ ಬಾಯಿಗೆ ಸಣ್ಣ ಕಲ್ಲಿನ ತೊಟ್ಟಿ ಕಟ್ಟಿ, ಅಲ್ಲಿಂದ ಕರೀ ಪೈಪು ಎಳೆದುಕೊಂಡು ಕೆಳಗಿನ ಲೈನು ಮನೆಗಳವರು ಕುಡಿಯುವುದಕ್ಕೆ ಬಳಸುತ್ತಾರೆ. ತೋಟದ ಕೆಲಸದವರ ಎಂಟು ಮನೆ. ಕರೆಂಟು ಬೇಡ, ಮೋಟಾರು ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ಅದು ಬಿಟ್ಟರೆ ಆ ಎಂಟು ಮನೆಗೆ ಬೇರೆ ನೀರಿಲ್ಲ. ಬಾವಿ ತೋಡಿದರೆ ಬಂಡೆ, ಹಳ್ಳಕ್ಕೆ ಇಳಿದರೆ ಮೈಲಿ.

ರಸ್ತೆಗೆ ಗುರುತು ಹಾಕಲು ಹೋದ ಮೊದಲ ದಿನವೇ ಒರತೆಯ ಹತ್ತಿರ ಒಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ವಯಸ್ಸು ನನಗಿಂತ ನಾಲ್ಕೈದು ವರ್ಷ ಕಮ್ಮಿ ಇರಬೇಕು. ಲೈನಿನಲ್ಲಿ ಎಲ್ಲರೂ ಅವಳನ್ನು ಮೈನ್ಸಕ್ಕ ಅನ್ನುತ್ತಾರೆ. ಕಳಸದ ಆಚೆ ಹಿಂದೆ ಇದ್ದ ಅದಿರಿನ ಗಣಿಯಲ್ಲಿ ಹತ್ತಾರು ವರ್ಷ ರಸ್ತೆ ಕೆಲಸ ಮಾಡಿ ಬಂದವಳು. ಸಂಸೆಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ದಿನಾ ಗಣಿಯ ಗಾಡಿ ಹತ್ತಿ ಹೋಗುತ್ತಿದ್ದಳಂತೆ. ಗಣಿಯ ಬಾಗಿಲು ಹಾಕಿದ ಮೇಲೆ ಊರಿಗೆ ಬಂದು ಮತ್ತೆ ತೋಟದ ಕೆಲಸಕ್ಕೆ ಸೇರಿದಳು. ಗಣಿಗೆ ಹೋಗುವ ಮುಂಚೆ ನನ್ನ ಕೈಕೆಳಗೇ ಇದ್ದವಳು. ಅದರ ಕತೆ ಮುಂದೆ ಹೇಳುತ್ತೇನೆ.

ಅವಳು ಕೇಳಿದ್ದು ದೊಡ್ಡದೇನಲ್ಲ. ರಸ್ತೆ ಬೇಡ ಅನ್ನಲಿಲ್ಲ, ಲಾರಿ ಬೇಡ ಅನ್ನಲಿಲ್ಲ. ಅವಳ ತಂಗಿಯ ಮಗನಿಗೂ ಕ್ವಾರಿಯಲ್ಲಿ ಕೆಲಸ ಸಿಗುವುದಿತ್ತು. ಒರತೆಗೆ ಮಾತ್ರ ಒಂದು ಬೊಗಸೆ ಮಣ್ಣೂ ಬೀಳಬಾರದು ಅಂದಳು. ಒಂದು ಸಲ ಮೇಲಿನ ಮಣ್ಣು ಕುಸಿದು ಸಂದು ಕಟ್ಟಿದರೆ ನೀರು ಬೇರೆ ದಾರಿ ಹಿಡಿಯುತ್ತದೆ, ಮತ್ತೆ ಇಲ್ಲಿ ಹುಟ್ಟುವುದಿಲ್ಲ ಅಂದಳು. ಆಮೇಲೆ ತೊಟ್ಟಿಯಿಂದ ಒಂದು ಲೋಟ ಮೊಗೆದು ನನ್ನ ಮುಂದೆ ಹಿಡಿದಳು.

"ನೀವೂ ಒಂದ್ಸಲ ಕುಡಿದು ನೋಡಿ ರೈಟ್ರೇ. ಆಮೇಲೆ ರೋಡು ಮಾಡಿ."

ನನ್ನ ಹತ್ತಿರ ಬಾಟಲಿ ಇದೆ ಅಂದೆ. ಇತ್ತು ಕೂಡ. ತೋಟಕ್ಕೆ ಹೋಗುವಾಗ ಮನೆಯಿಂದ ನೀರು ಒಯ್ಯುವುದು ನನ್ನ ಮೊದಲಿನ ಅಭ್ಯಾಸ. ಮೂವತ್ತು ವರ್ಷದಲ್ಲಿ ಲೈನು ಮನೆಗಳ ಕಡೆಯ ಒಂದು ಗುಟುಕು ನೀರನ್ನೂ ನಾನು ಕುಡಿದವನಲ್ಲ. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿದ್ದ ಕಾರಣವೇ ಅದು. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಲೋಟದ ನೀರನ್ನು ತಾನೇ ಕುಡಿದು, ಸರಿ ಅಂದು ಹೋದಳು.

ಕಾಫಿ ಕುಯ್ಲು ಮುಗಿದ ಮೇಲೆ ಕೆಲಸ ಶುರುವಾಯಿತು. ಜೆಸಿಬಿಯವನು ಮಣ್ಣನ್ನು ಅಂಚಿಗೆ ತಳ್ಳುವುದಕ್ಕೆ ಹೋದಾಗಲೆಲ್ಲ ನಾನು ಕೂಗಾಡಿ ಟಿಪ್ಪರಿಗೆ ತುಂಬಿಸಿದೆ. ಅವನು ನನ್ನ ಬಾಯಿಗೆ ಹೆದರಿ ಬೀಡಿ ಸೇದಲೂ ಮರೆಗೆ ಹೋಗುತ್ತಿದ್ದ. ಅಂಚಿನಲ್ಲಿ ರಸ್ತೆ ಅಗಲವಾಗಲಿ ಅಂತ ಸ್ವಲ್ಪ ಮಣ್ಣು ತುಂಬಲೇಬೇಕಾಯಿತು. ಅದನ್ನೂ ಪದರ ಪದರವಾಗಿ ಹಾಕಿಸಿ ರೋಲರ್ ಓಡಿಸಿದೆ. ಫೈಲಿನಲ್ಲಿ ಬರೆದದ್ದೆಲ್ಲ ಒಂದೊಂದಾಗಿ ಮಾಡಿಸುತ್ತಾ ಬಂದೆ. ಇನ್ನು ಉಳಿದದ್ದು ನೀರು. ರಸ್ತೆಯ ಕೆಸರು ನೀರು ಕೆಳಗೆ ಇಳಿಯಬಾರದು ತಾನೆ? ಇಳಿಯದ ಹಾಗೆ ಮಾಡುವುದು ನನಗಿಂತ ಯಾರಿಗೆ ಗೊತ್ತು? ರಸ್ತೆಯ ಒಳಬದಿಗೆ, ಗುಡ್ಡ ಕಡಿದ ಬುಡಕ್ಕೆ, ಉದ್ದಕ್ಕೂ ತೊಟ್ಟಿಲು ಗುಂಡಿ ತೋಡಿಸಿದೆ. ಒಂದಾದ ಮೇಲೊಂದು, ಕೋಲು ಹಿಡಿದು ಅಳೆದು, ನೂಲು ಹಿಡಿದ ಹಾಗೆ. ಗುಡ್ಡದಿಂದ ಇಳಿದ ನೀರು, ರಸ್ತೆ ಮೇಲೆ ಬಿದ್ದ ನೀರು, ಎಲ್ಲ ಅದರೊಳಗೇ ಬಿದ್ದು ಅಲ್ಲೇ ಇಂಗಬೇಕು. ಒಂದು ಹನಿ ಆಚೆ ಹೋಗಬಾರದು. ಸಾವ್ಕಾರ್ರು ಬಂದು ನೋಡಿ, ರೈಟ್ರ ಕೈ ಇನ್ನೂ ಹಾಗೇ ಇದೆ ಅಂದರು. ನಾನು ಆ ದಿನ ಮನೆಗೆ ಹೋಗಿ ಎರಡು ತುತ್ತು ಜಾಸ್ತಿ ಊಟ ಮಾಡಿದೆ.

ಮೈನ್ಸಕ್ಕನೂ ಆ ಕೆಲಸದ ಆಳುಗಳಲ್ಲಿ ಒಬ್ಬಳು. ಗುಂಡಿ ತೋಡುವುದಕ್ಕೆ ಗುದ್ದಲಿ ಹಿಡಿದವಳು ನಡುವೆ ನಿಲ್ಲಿಸಿ, ಇದು ಇಲ್ಲಿಗೆ ಆಗುವ ಕೆಲಸವಲ್ಲ, ಚರಂಡಿ ತೋಡಿ ನೀರನ್ನು ದಾಟಿಸಿಬಿಡಬೇಕು ಅಂತ ಎಲ್ಲರ ಮುಂದೆ ಹೇಳಿದಳು. ನನಗೆ ಮೂಗಿನ ತುದಿಗೇ ಸಿಟ್ಟು ಬರುವುದು ಹುಟ್ಟುಗುಣ. ದಾಟಿಸಿದ ನೀರು ಎಲ್ಲಿಗೆ ಹೋಗುತ್ತದೆ, ನಿನ್ನ ಒರತೆಗೇ ಅಲ್ಲವೇನೇ ಮಾರಾಯ್ತಿ, ನಿನ್ನ ಒರತೆ ಉಳಿಸುವುದಕ್ಕೇ ನಾನು ಇಷ್ಟು ಒದ್ದಾಡುವುದು ಅಂತ ರೇಗಿದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಕೋಲು ನೆಲಕ್ಕೆ ಬಡಿದೆ. ಮತ್ತೆ ಬಗ್ಗಿ ತೋಡತೊಡಗಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನನ್ನದು, ಆಗ ಅದು ಗೊತ್ತಾಗಬೇಕಲ್ಲ.

ಅವಳಿಗೊಂದು ಅಭ್ಯಾಸವಿತ್ತು. ಗಣಿಯ ರಸ್ತೆಯಲ್ಲಿ ಕಲಿತದ್ದಂತೆ. ಪ್ರತಿ ಮಳೆಯ ನಂತರ ಒರತೆಯ ನೀರನ್ನು ಒಂದು ಗಾಜಿನ ಬಾಟಲಿಗೆ ತುಂಬಿ ಮನೆಯ ಜಗಲಿಯ ಮೇಲೆ ಅಲ್ಲಾಡಿಸದೆ ಇಡುವುದು. ಒಂದು ದಿನ ಬಿಟ್ಟು ತಳದಲ್ಲಿ ಎಷ್ಟು ಮಣ್ಣು ಕೂತಿದೆ ನೋಡುವುದು. ಏನೂ ಇಲ್ಲದಿದ್ದರೆ ಸರಿ. ಉಗುರಿನ ದಪ್ಪ ಇದ್ದರೆ ಮೇಲೆ ಎಲ್ಲೋ ರಸ್ತೆ ಕೊರೆಯುತ್ತಿದೆ, ಹೋಗಿ ಹುಡುಕಬೇಕು. ಬೆರಳಿನ ದಪ್ಪ ಇದ್ದರೆ ಗಣಿಯಲ್ಲಿ ಅಂದು ಗಾಡಿ ಬಿಡುತ್ತಿರಲಿಲ್ಲವಂತೆ. ಅವಳಿಗೆ ಸಿಗುತ್ತಿದ್ದದ್ದು ಬ್ರಾಂಡಿ ಅಂಗಡಿಯ ಹಿಂದೆ ಬಿದ್ದ ಕ್ವಾರ್ಟರ್ ಬಾಟಲಿಗಳು. ತೊಳೆದು, ಚೀಟಿ ಅಂಟಿಸಿ, ಸಾಲಾಗಿ ಜೋಡಿಸಿಟ್ಟಿದ್ದಳು. ರಸ್ತೆ ತಪಾಸಣೆಗೆ ಮೂಡಿಗೆರೆಯಿಂದ ಬಂದ ಆಫೀಸರು ಜೀಪಿನಿಂದ ಇಳಿದವರೇ ಆ ಸಾಲು ನೋಡಿ, ಈ ಮನೆಯವರಿಗೆ ಇಷ್ಟು ಬೇಕಾಗುತ್ತಾ ಅಂತ ನನ್ನನ್ನು ಮೆಲ್ಲಗೆ ಕೇಳಿದರು. ಮೈನ್ಸಕ್ಕ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಇದು ಬರೀ ನೀರು ಸಾರ್, ಕುಡಿದರೂ ಏರುವುದಿಲ್ಲ ಅಂದಾಗ ಅವರಿಗೆ ನಾಚಿಕೆಯಾಯಿತು. ಆಮೇಲೆ ಕೂತು ಅವಳ ಲೆಕ್ಕಾಚಾರವನ್ನೆಲ್ಲ ಕೇಳಿಕೊಂಡರು. ಗುಂಡಿಗಳ ಫೋಟೋ ತೆಗೆದರು. ಒಣನೆಲದಲ್ಲಿ ಎಲ್ಲ ರಸ್ತೆಯೂ ಚೆಂದ, ಒಂದು ಮಳೆ ಬಿದ್ದ ಮೇಲೆ ಮತ್ತೆ ಬರುತ್ತೇನೆ ಅಂದು ಹೋದರು.

ಹೂಮಳೆ ಬಂತು. ಕಾಫಿ ಹೂವಿಗೆ ಬೇಕಾದಷ್ಟೇ, ಹದವಾಗಿ. ಮರುದಿನ ಹೋಗಿ ನೋಡಿದರೆ ನನ್ನ ಗುಂಡಿಗಳು ಮೊಣಕಾಲಿನಷ್ಟು ನೀರು ಹಿಡಿದುಕೊಂಡು ಕೂತಿವೆ. ರಸ್ತೆಯ ಮೇಲೆ ಒಂದು ಹರಿವಿನ ಗೆರೆಯಿಲ್ಲ. ಎಂಟೊಂಬತ್ತು ದಿನ ಕಳೆಯುತ್ತಲೇ ಕೆಳಗಿನ ಕಾಫಿಯೆಲ್ಲ ಬೆಳ್ಳಗೆ ಹೂಬಿಟ್ಟು ಗಮಗಮ ಅನ್ನತೊಡಗಿತು. ಮೈನ್ಸಕ್ಕನ ಬಾಟಲಿಯಲ್ಲಿ ಸಾಸಿವೆ ಕಾಳಿನಷ್ಟೂ ಮಣ್ಣಿರಲಿಲ್ಲ. ಏನು, ಹೇಗಿದೆ ಅಂತ ಕೇಳಿದೆ. ಬೇಕಂತಲೇ ಕೇಳಿದೆ. ಅವಳು, ಈಗ ಸರಿ ಇದೆ ಅಂದಳು. ಆ 'ಈಗ' ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಮನೆಗೆ ಬಂದು ಹೆಂಡತಿಯ ಹತ್ತಿರ ಅರ್ಧ ಗಂಟೆ ಅದನ್ನೇ ಆಡಿದೆ. ಅವಳು ಬೀನ್ಸ್ ಬಿಡಿಸುತ್ತಾ ಹೂಂ ಹೂಂ ಅನ್ನುತ್ತಿದ್ದಳು.

ಲಾರಿಗಳು ಓಡಾಡತೊಡಗಿದವು. ಮೇ ತಿಂಗಳ ನಡುವಿನಲ್ಲಿ ಎರಡು ದಿನ ಬಿಡದೆ ಜೋರು ಮಳೆ. ಮುಂಗಾರಿಗೆ ಇನ್ನೂ ಮೂರು ವಾರ ಇರುವಾಗಲೇ ಆಕಾಶ ಬಾಯಿ ಬಿಟ್ಟಿತು. ಮೂರನೆಯ ದಿನ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಾ ಕೂತಿದ್ದಾಗ ಮೈನ್ಸಕ್ಕ ಅಂಗಳಕ್ಕೆ ಬಂದಳು. ಅದುವರೆಗೆ ಅವಳು ನಮ್ಮ ಮನೆಗೆ ಬಂದವಳೇ ಅಲ್ಲ. ಒಂದು ಸಲ ಬಂದು ನೋಡಿ ರೈಟ್ರೇ ಅಂದಳು, ಅಷ್ಟೇ.

ತಿರುವಿನಲ್ಲಿ ಗುಂಡಿಗಳೆಲ್ಲ ಅಂಚಿನ ತನಕ ತುಂಬಿ ನಿಂತಿದ್ದವು. ನೋಡುವುದಕ್ಕೆ ಚೆಂದವೇ. ಅವಳು ನನ್ನನ್ನು ರಸ್ತೆಯ ಹೊರ ಅಂಚಿಗೆ ಕರೆದುಕೊಂಡು ಹೋದಳು. ಅಲ್ಲಿ ನೆಲದಲ್ಲಿ ಒಂದು ಬಿರುಕು, ಬಿಲ್ಲಿನ ಹಾಗೆ ಬಾಗಿಕೊಂಡು, ಇಪ್ಪತ್ತು ಹೆಜ್ಜೆ ಉದ್ದಕ್ಕೆ. ಕಿರುಬೆರಳು ಹೋಗುವಷ್ಟು ಅಗಲ. ಬಿರುಕಿನ ಆಚೆ ಕಾಲಿಟ್ಟರೆ ನೆಲ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗೆ ಕುಸಿಯುತ್ತಿತ್ತು. ಅದರ ನೇರ ಕೆಳಗೆ ಒರತೆ. ಕಲ್ಲಿನ ತೊಟ್ಟಿ, ಕರೀ ಪೈಪು ಎಲ್ಲ ಅಲ್ಲಿಂದ ಕಾಣುತ್ತಿತ್ತು.

ಅವಳು ಬೈಯಲಿಲ್ಲ, ಅಣಕಿಸಲೂ ಇಲ್ಲ. ಪಾಠ ಹೇಳುವ ಹಾಗೆ ನಿಧಾನಕ್ಕೆ ಹೇಳಿದಳು.

"ತೋಟದಲ್ಲಿ ನೀರನ್ನ ಕೂರಿಸ್ಬೇಕು ರೈಟ್ರೇ. ರೋಡಲ್ಲಿ ನೀರನ್ನ ಕಳಿಸ್ಬೇಕು. ನೀವು ರೋಡಿನ ಬುಡದಲ್ಲಿ ನೀರು ಕೂರಿಸಿದ್ದೀರಿ. ಅದು ಇಂಗಿ ಇಂಗಿ ರೋಡಿನ ಅಡಿಗೆ ಹೋಗಿದೆ."

ಆಗ ನನಗೆ ಎಲ್ಲ ಒಟ್ಟಿಗೆ ಕಂಡಿತು. ಮೂವತ್ತು ವರ್ಷ ನಾನು ಗಿಡದ ಬುಡಕ್ಕೆ ನೀರು ಇಳಿಸಿದವನು. ಇಲ್ಲಿಯೂ ಅದೇ ಮಾಡಿದ್ದೆ, ಅಷ್ಟೇ ಚೆನ್ನಾಗಿ ಮಾಡಿದ್ದೆ. ಒಂದು ಹನಿ ಆಚೆ ಹೋಗಿರಲಿಲ್ಲ. ಎಲ್ಲ ನೆಲದೊಳಗೆ ಇಳಿದು, ಅಂಚಿಗೆ ನಾನೇ ತುಂಬಿಸಿದ ಮಣ್ಣನ್ನು ನೆನೆಸಿ, ಅದರ ಮೇಲೆ ಲಾರಿಗಳ ಭಾರ ಬಿದ್ದು, ಇಡೀ ಅಂಚು ಒರತೆಯ ಕಡೆಗೆ ಜಾರಲು ಕಾದು ಕೂತಿತ್ತು. ಬೇರೆ ಊರಿನ ಕಂಟ್ರಾಕ್ಟರನೊಬ್ಬ ಸೋಮಾರಿತನದಿಂದ ಏನೂ ಮಾಡದೆ ಬಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲವೋ ಏನೋ. ಕಾಫಿಯವನ ಬುದ್ಧಿಯೇ ಇಲ್ಲಿ ಕೈಕೊಟ್ಟಿತ್ತು.

ಅವಳು ಬಿರುಕಿನ ಈಚೆಗೊಂದು ಆಚೆಗೊಂದು ಗೂಟ ಹೊಡೆದಳು. ನನ್ನ ಕೈಯಿಂದ ಅಳತೆ ಕೋಲನ್ನು ತೆಗೆದುಕೊಂಡು ಎರಡು ಗೂಟದ ನಡುವೆ ಇಟ್ಟು ಚಾಕುವಿನಿಂದ ಹೊಸ ಗೀರು ಹಾಕಿದಳು. ಮರುದಿನ ಬೆಳಿಗ್ಗೆ ಹೋಗಿ ಕೋಲು ಇಟ್ಟರೆ ಗೂಟಗಳು ಅರ್ಧ ಬೆರಳು ದೂರ ಸರಿದಿದ್ದವು. ಇನ್ನು ಯೋಚನೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಅಲ್ಲಿಂದಲೇ ಸಾವ್ಕಾರ್ರ ಮನೆಗೆ ಹೋದೆ. ಮಳೆ ಜಾಸ್ತಿಯಾಯಿತು, ಲಾರಿಯವರು ಅಂಚಿಗೆ ಓಡಿಸಿದರು, ಹೀಗೆ ನಾಲ್ಕಾರು ನೆಪ ದಾರಿಯಲ್ಲಿ ಹೊಂದಿಸಿಕೊಂಡಿದ್ದೆ. ಒಳಗೆ ಹೋಗಿ ಕೂತ ಮೇಲೆ ಅದ್ಯಾವುದೂ ಬಾಯಿಗೆ ಬರಲಿಲ್ಲ. ತಪ್ಪು ನನ್ನದು, ಗುಂಡಿ ತೋಡಿಸಬಾರದಿತ್ತು, ಆ ಹೆಂಗಸು ಮೊದಲೇ ಹೇಳಿದ್ದಳು, ನಾನು ಕೇಳಲಿಲ್ಲ ಅಂದೆ. ಅವರು ಫೋನು ತೆಗೆದು ಲಾರಿ ನಿಲ್ಲಿಸಿ ಅಂತ ಹೇಳಿ, ಮುಂಗಾರು ಹಿಡಿಯುವ ಮುಂಚೆ ಸರಿಯಾಗುತ್ತಾ ರೈಟ್ರೇ ಅಂತ ಕೇಳಿದರು. ಅವಳು ಹೇಳಿದ ಹಾಗೆ ಮಾಡಿದರೆ ಆಗುತ್ತದೆ ಅಂದೆ. ಹಾಗಾದರೆ ಅವಳು ಹೇಳಿದ ಹಾಗೇ ಮಾಡಿಸಿ ಅಂದರು.

ಹೇಳುವುದು ಸುಲಭ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ನನಗೋ ಗುಂಡಿಗೆ ಹೋಗಿತ್ತು. ಅವಳ ಮನೆಯ ಹತ್ತಿರ ಹೋಗಿ ಜಗಲಿಯ ಕೆಳಗೆ ನಿಂತುಕೊಂಡೇ, ನೀನು ಹೇಳು, ನಾನು ಮಾಡಿಸುತ್ತೇನೆ ಅಂದೆ. ಅವಳು ಬಾಟಲಿ ತೊಳೆಯುತ್ತಿದ್ದಳು. ತಲೆಯೆತ್ತಿ ನೋಡಿ ನಕ್ಕಳು. ಆ ನಗು ಯಾಕೆ ಅಂತ ಗೊತ್ತಾಗಬೇಕಾದರೆ ಹಳೆಯ ಕತೆ ಹೇಳಬೇಕು.

ಅವಳು ಗಣಿಗೆ ಹೋದದ್ದು ನನ್ನ ಬಾಯಿಯಿಂದ. ಆಗ ಅವಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಅವಳು ತೋಡಿದ ಗುಂಡಿ ನನ್ನ ಕೋಲಿಗೆ ಎರಡು ಬೆರಳು ಕಮ್ಮಿ ಬಂತು ಅಂತ ನಾನು ಇಡೀ ಗುಂಪಿನ ಮುಂದೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಅಡಿಯಲ್ಲಿ ಬಂಡೆ ಸಿಕ್ಕಿದೆ ಅಂತ ಅವಳು ಹೇಳುತ್ತಿದ್ದರೂ ಕೇಳಲಿಲ್ಲ. ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಅಕ್ಕನ ಮನೆಗೆ ಹೋದಳು ಅಂದರು, ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಗೆ ಗೆರೆ ಎಳೆದು ಮರೆತುಬಿಟ್ಟೆ. ಅವಳು ಮರೆತಿರಲಿಲ್ಲ.

"ಅವತ್ತು ನೀವು ಬೈಯ್ದೆ ಇದ್ದಿದ್ರೆ ನಾನು ರೋಡಿನ ಕೆಲ್ಸ ಕಲೀತಿರ್ಲಿಲ್ಲ" ಅಂದಳು. "ನಿಮ್ಮ ಬೈಗುಳ ನಿಮ್ಗೇ ಉಪಯೋಗಕ್ಕೆ ಬಂತು ನೋಡಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಗುವೇ ಬಂತು. ಆ ಬಂಡೆಯ ಮಾತು ನಿಜವೇ ಆಗಿತ್ತಾ ಅಂತ ಕೇಳಿದೆ. ಬೇಕಾದರೆ ಈಗಲೂ ಹೋಗಿ ತೋಡಿ ನೋಡಿ ಅಂದಳು.

ಮುಂದಿನ ಹದಿನೆಂಟು ದಿನ ನಾನು ಅವಳ ಆಳು. ಮೊದಲು ಗುಂಡಿಗಳ ನೀರನ್ನು ಹೊರಗೆ ಹಾಕಿಸಿದೆವು. ನಾನೇ ಅಳೆದು ತೋಡಿಸಿದ ಗುಂಡಿಗಳಿಗೆ ನಾನೇ ನಿಂತು ಕಲ್ಲು ಮಣ್ಣು ತುಂಬಿಸಿ ಗಟ್ಟಿಯಾಗಿ ಹೊಡೆಸಿದೆ. ಮೊದಲನೆಯದಕ್ಕೆ ಮಣ್ಣು ಬೀಳುವಾಗ ಮುಖ ಆಚೆ ತಿರುಗಿಸಿದ್ದು ಸುಳ್ಳಲ್ಲ. ಐದಾರು ಮುಗಿಯುವ ಹೊತ್ತಿಗೆ ಅಭ್ಯಾಸವಾಯಿತು. ಬಿರುಕು ಬಿಟ್ಟ ಅಂಚಿನ ಮಣ್ಣನ್ನೆಲ್ಲ ಮೇಲಿನಿಂದಲೇ ಕೆರೆದು ತೆಗೆದು ಟಿಪ್ಪರಿನಲ್ಲಿ ದೂರ ಸಾಗಿಸಿದೆವು. ಆಗ ಮಾತ್ರ ಮೈನ್ಸಕ್ಕ ಒರತೆಯ ಮೇಲೆ ಬಿದಿರು ತಟ್ಟಿ ಕಟ್ಟಿಸಿ, ಬುಡದಲ್ಲಿ ತಾನೇ ಕಾವಲು ನಿಂತಳು. ಒಂದು ಹೆಂಟೆ ಉರುಳಿದರೂ ಮೇಲಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು. ಗುಂಡಿಯಿದ್ದ ಜಾಗದಲ್ಲಿ ಒಂದೇ ಸಮನಾಗಿ ಇಳಿಯುವ ಚರಂಡಿ, ಅದಕ್ಕೆ ಕಲ್ಲಿನ ಹಾಸು. ತಿರುವಿಗಿಂತ ಮುಂಚೆಯೇ ಎರಡು ಕಡೆ, ತಿರುವು ದಾಟಿದ ಮೇಲೆ ಒಂದು ಕಡೆ, ರಸ್ತೆಯ ಅಡಿಗೆ ಸಿಮೆಂಟ್ ಪೈಪಿನ ಮೋರಿ. ನೀರು ಒರತೆಯ ಮೇಲೆ ಬರಲೇಬಾರದು, ಆಚೆ ಈಚೆ ಹಂಚಿಹೋಗಬೇಕು. ಸ್ವಲ್ಪ ಸ್ವಲ್ಪ ನೀರಿಗೆ ಕೊರೆಯುವ ಶಕ್ತಿ ಇರುವುದಿಲ್ಲ, ಒಟ್ಟಾದರೆ ಮಾತ್ರ ಅದು ಗೂಳಿ ಅನ್ನುತ್ತಿದ್ದಳು.

ಮೋರಿಯ ನೀರು ಕೆಳಗೆ ಬೀಳುವ ಕಡೆಯಲ್ಲಿ ಕೆಸರು ತಡೆಯುವುದು ಹೇಗೆ ಅಂತ ನಾನು ಕೇಳಿದೆ. ಅವಳು ಒಂದು ಕಾಫಿ ಸಾಲಿನ ಕಡೆ ಕೈ ತೋರಿಸಿದಳು. ಅಲ್ಲಿ ತೋಡಿಸಿ ನಿಮ್ಮ ತೊಟ್ಟಿಲು ಗುಂಡಿ, ರಸ್ತೆಯಿಂದ ದೂರ, ಒರತೆಗೆ ಅಡ್ಡ ಬಾರದ ಹಾಗೆ, ಎಷ್ಟು ಬೇಕಾದರೂ ತೋಡಿಸಿ ಅಂದಳು. ಗುಂಡಿಯೇನೂ ಕೆಟ್ಟದ್ದಲ್ಲ, ಕೂತ ಜಾಗ ತಪ್ಪಾಗಿತ್ತು, ಅಷ್ಟೇ. ಆ ದಿನ ನಾನು ಮನೆಗೆ ಹೋಗುವಾಗ ಕೋಲನ್ನು ಹೆಗಲ ಮೇಲೆ ಹಾಕಿಕೊಂಡು ಹೋದೆ. ಹೆಂಡತಿ ನೋಡಿ, ಏನು ಮದುಮಗನ ಕಳೆ ಬಂದಿದೆ ಅಂದಳು. ಕೊನೆಯ ಮೂರು ದಿನ ಕೆರೆದ ಅಂಚಿಗೆಲ್ಲ ಲಾವಂಚದ ಬುಡ ನೆಟ್ಟು, ನಡುನಡುವೆ ಹಾಲುವಾಣದ ಗೂಟ ಊರಿಸಿದೆವು. ಹಾಲುವಾಣ ತಲೆಕೆಳಗಾಗಿ ನೆಟ್ಟರೂ ಚಿಗುರುವ ಮರ. ಆಫೀಸರು ಮಾತಿನಂತೆ ಮತ್ತೆ ಬಂದರು. ಹಳೆಯ ಫೋಟೋ ಹೊಸ ಜಾಗ ಎರಡನ್ನೂ ನೋಡಿ, ಈ ಚರಂಡಿ ಯಾವ ಇಂಜಿನಿಯರು ಹಾಕಿದ್ದು ಅಂತ ಕೇಳಿದರು. ಬಾಟಲಿ ಜೋಡಿಸಿದವಳು ಅಂದೆ.

ಮೃಗಶಿರ ಹೇಗೋ ಹಗುರಾಗಿ ಹೋಯಿತು. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅನ್ನುವ ಮಾತು ಆ ವರ್ಷ ಅಕ್ಷರಶಃ ನಿಜವಾಯಿತು. ನಾಲ್ಕು ದಿನ ಹೊರಗೆ ತಲೆ ಹಾಕುವ ಹಾಗಿರಲಿಲ್ಲ. ಕ್ವಾರಿ ಮಳೆಗಾಲಕ್ಕೆ ಮುಚ್ಚಿತ್ತು, ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೂ ಐದನೆಯ ದಿನ ಬೆಳಿಗ್ಗೆ ಸ್ವಲ್ಪ ಕಮ್ಮಿಯಾಗುತ್ತಲೇ ಕೊಡೆ ಹಿಡಿದು ಹೊರಟುಬಿಟ್ಟೆ. ನನ್ನ ಮಗಳ ಹೆರಿಗೆಯ ದಿನವೂ ಇಷ್ಟು ಹೆದರಿರಲಿಲ್ಲ.

ಚರಂಡಿ ತುಂಬಿ ಓಡುತ್ತಿತ್ತು. ಮೂರೂ ಮೋರಿ ಬಾಯಿ ತುಂಬ ನೀರು ಕಕ್ಕುತ್ತಿದ್ದವು. ಆ ನೀರು ಕೆಂಪಗೇ ಇತ್ತು, ಹೊಸ ರಸ್ತೆಯಲ್ಲವೇ. ಕೆಳಗೆ ಅದು ನನ್ನ ತೊಟ್ಟಿಲು ಗುಂಡಿಗಳನ್ನು ಒಂದಾದ ಮೇಲೊಂದು ತುಂಬಿ, ಕೊನೆಯದರಿಂದ ಆಚೆ ಬರುವಾಗ ಬಣ್ಣ ಕಳಕೊಂಡು ಮೆಲ್ಲಗೆ ಕಾಫಿಯೊಳಗೆ ಹರಿದುಹೋಗುತ್ತಿತ್ತು. ತಿರುವಿನ ಅಂಚಿಗೆ ಹೋಗಿ ಎರಡೂ ಕಾಲು ಊರಿ ನಿಂತೆ. ನೆಲ ಅಲುಗಲಿಲ್ಲ. ಹಾಲುವಾಣದ ಗೂಟಗಳಲ್ಲಿ ಎರಡೆರಡು ಎಲೆ ಒಡೆದಿತ್ತು.

ಲೈನಿಗೆ ಇಳಿದೆ. ಮೈನ್ಸಕ್ಕ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಬಾಟಲಿ, ಮಳೆಯ ನಾಲ್ಕು ದಿನಕ್ಕೆ ನಾಲ್ಕು. ನಾನು ಏನೂ ಕೇಳಲಿಲ್ಲ, ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದೆ. ಮೊದಲನೆಯದರ ತಳದಲ್ಲಿ ಮಣ್ಣಿಲ್ಲ. ಎರಡನೆಯದರಲ್ಲಿ ಇಲ್ಲ. ಮೂರನೆಯದರಲ್ಲಿ ಇಲ್ಲ. ನಾಲ್ಕನೆಯದನ್ನು ಅವಸರದಲ್ಲಿ ಎತ್ತಿ, ಬಾಟಲಿ ಅಲ್ಲಾಡಿಸಬೇಡಿ ರೈಟ್ರೇ ಅಂತ ಅವಳ ಹತ್ತಿರ ಬೈಸಿಕೊಂಡೆ. ಅದರಲ್ಲೂ ಇರಲಿಲ್ಲ. ನನ್ನ ಕಣ್ಣಿಗೆ ನೀರು ಬಂತು. ಮಳೆಯ ಎರಚಲು ಅಂತ ಒರೆಸಿಕೊಂಡೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಅಷ್ಟು ಹೊತ್ತು ನಡೆದು, ಹೆದರಿ, ಗಂಟಲು ಒಣಗಿಹೋಗಿತ್ತು. ಮನೆಯಿಂದ ಹೊರಡುವ ಗಡಿಬಿಡಿಯಲ್ಲಿ ನೀರಿನ ಬಾಟಲಿ ತಂದಿರಲಿಲ್ಲ. ಅಥವಾ ತರಬೇಕು ಅಂತ ಅನ್ನಿಸಿರಲಿಲ್ಲ. ಹಿತ್ತಲಿನಲ್ಲಿ ಕರೀ ಪೈಪಿನ ನೀರು ಡ್ರಮ್ಮಿಗೆ ಬೀಳುತ್ತಿತ್ತು. ಅವಳು ನನ್ನ ಖಾಲಿ ಕೈ ನೋಡಿದಳು.

"ನಿಮ್ಮ ಬಾಟ್ಲಿ ಎಲ್ಲಿ?"

"ಇಲ್ಲ" ಅಂದೆ. "ಒಂದು ಲೋಟ ಕೊಡು."

ಅವಳು ಒಳಗೆ ಹೋಗಿ ಲೋಟ ತೊಳೆದು, ಪೈಪಿನ ಬಾಯಿಗೆ ಹಿಡಿದು ತುಂಬಿ ತಂದಳು. ಜಗಲಿಯ ಕೆಳಗೆ ನಿಂತಿದ್ದವನು ಮೇಲೆ ಹತ್ತಿ ಅವಳ ಬಾಟಲಿಗಳ ಪಕ್ಕ ಕೂತು ಕುಡಿದೆ. ತಣ್ಣಗಿತ್ತು, ಸ್ವಲ್ಪ ಸಿಹಿಯಾಗಿತ್ತು. ಮೂವತ್ತು ವರ್ಷ ಇದರ ಮುಂದೆಯೇ ಓಡಾಡಿದ್ದೆನಲ್ಲ ಅಂತ ನಾಚಿಕೆಯಾಯಿತು. ಖಾಲಿ ಲೋಟವನ್ನು ಅವಳ ಮುಂದೆ ಹಿಡಿದು, ಇನ್ನೊಂದು ಕೊಡು ಅಂದೆ.